ಮಳೆಗಾಲದ ಮೊಳಕೆ: ಮನೆಯಲ್ಲೇ ಬೆಳೆಸೋಣ, ಬೇಯಿಸಿ ಉಣ್ಣೋಣ

ಆಷಾಢ ಮಾಸ ಕಾಲಿಡುತ್ತಿದ್ದಂತೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಅಡುಗೆಮನೆಗಳಲ್ಲಿ ಸೊಪ್ಪು ತರಕಾರಿಗಳ ಅಭಾವ ತಲೆದೋರುತ್ತದೆ. ಹಿತ್ತಿಲಿನ ಹರಿವೆ ಮಳೆಯ ಹೊಡೆತಕ್ಕೆ ಕೊಳೆಯುತ್ತದೆ. ಪೇಟೆಗೆ ಬರುವ ತರಕಾರಿ ಬಹುಮಟ್ಟಿಗೆ ಘಟ್ಟದ ಮೇಲಿನದು. ದೇವಿಮನೆ ಘಟ್ಟದಲ್ಲಾಗಲಿ ಗೇರುಸೊಪ್ಪೆಯ ದಾರಿಯಲ್ಲಾಗಲಿ ಮಣ್ಣು ಕುಸಿದರೆ ಅದೂ ನಿಲ್ಲುತ್ತದೆ. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದನ್ನು ನಾವಾರೂ ಮರೆತಿಲ್ಲ. ಇಂತಹ ಕಾಲದಲ್ಲಿ ಸಸ್ಯಾಹಾರಿ ಕುಟುಂಬವೊಂದು ಮನೆಯೊಳಗೇ ಒಂದಿಷ್ಟು ಹಸಿರನ್ನು ಬೆಳೆದುಕೊಳ್ಳುವುದು ಸ್ವಾಗತಾರ್ಹವಾದ ವಿಚಾರ. ಮೊಳಕೆಕಾಳು ಮತ್ತು ‘ಮೈಕ್ರೋಗ್ರೀನ್ಸ್’ ಎಂದು ಕರೆಯಲಾಗುವ ಎಳೆಸಸಿಗಳ ಬಗ್ಗೆ ಇತ್ತೀಚೆಗೆ ಭಕ್ತಾದಿಗಳಲ್ಲಿ ಮೂಡಿರುವ ಆಸಕ್ತಿ ನನಗೂ ಸಂತೋಷ ತಂದಿದೆ.

ಆದರೆ ಈ ಸಂತೋಷದ ಜೊತೆಗೆ ಒಂದು ಆತಂಕವೂ ಇದೆ. ಮೊಬೈಲಿನಲ್ಲಿ ಹರಿದಾಡುವ ಉಪದೇಶಗಳನ್ನು ನಂಬಿ, ಬೆಳಗಿನ ಬರಿಹೊಟ್ಟೆಯಲ್ಲಿ ಬಟ್ಟಲುಗಟ್ಟಲೆ ಹಸಿ ಮೊಳಕೆಕಾಳು ತಿನ್ನುವವರು ಹೆಚ್ಚುತ್ತಿದ್ದಾರೆ. ಮಳೆಗಾಲದಲ್ಲಿ ಹೊಟ್ಟೆಯುಬ್ಬರ, ಹುಳಿತೇಗು, ಭೇದಿ ಎಂದು ಬರುವ ರೋಗಿಗಳ ಆಹಾರಕ್ರಮವನ್ನು ವಿಚಾರಿಸಿದಾಗ ಈ ಉತ್ತರ ಮತ್ತೆ ಮತ್ತೆ ಕೇಳಿಬರುತ್ತದೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಕರಾವಳಿಯ ಮಳೆಗಾಲದಲ್ಲಿ ಮೊಳಕೆಯನ್ನು ಅವಶ್ಯವಾಗಿ ಬರಿಸಿರಿ, ಆದರೆ ಅದನ್ನು ಹಸಿಯಾಗಿ ತಿನ್ನಬೇಡಿರಿ.

ಮೊಳಕೆ ನಮಗೆ ಹೊಸದಲ್ಲ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಮೊಳಕೆ ಬರಿಸಿದ ಮಡಿಕೆಕಾಳಿನ ಪಲ್ಯ ಜೋಳದ ರೊಟ್ಟಿಗೆ ಜೊತೆ. ಕರಾವಳಿಯ ಕೊಂಕಣಿಗರ ಮನೆಗಳಲ್ಲಿ ಮೊಳಕೆ ಬಂದ ಹೆಸರಿನ ಸಿಪ್ಪೆ ಬಿಡಿಸಿ, ತೆಂಗಿನಕಾಯಿ ಅರೆದು ಹಾಕಿ ಬೇಯಿಸುವ ಪದ್ಧತಿಯಿದೆ. ಎಳೆಯ ಮಕ್ಕಳಿಗೆ ಮೊಳಕೆ ಬರಿಸಿದ ರಾಗಿಯನ್ನು ಒಣಗಿಸಿ, ಹುರಿದು, ಬೀಸಿ ಅಂಬಲಿ ಕಾಯಿಸುತ್ತೇವೆ. ಗಮನಿಸಿ ನೋಡಿದರೆ ಈ ಮೂರರಲ್ಲೂ ಮೊಳಕೆಯು ಬೆಂಕಿಯನ್ನು ಕಂಡೇ ಎಲೆಗೆ ಬರುತ್ತದೆ. ‘ಕೋಸಂಬರಿಯನ್ನು ಹಸಿಯಾಗಿಯೇ ತಿನ್ನುತ್ತೇವಲ್ಲ’ ಎಂದು ಕೆಲವರು ಕೇಳಬಹುದು. ಕೋಸಂಬರಿಯ ಹೆಸರುಬೇಳೆ ಒಂದೆರಡು ತಾಸು ನೆನೆದದ್ದೇ ಹೊರತು ಎರಡು ದಿನ ತೇವದಲ್ಲಿ ಕುಳಿತದ್ದಲ್ಲ. ಅದನ್ನು ಕಲಸಿದ ಕೂಡಲೇ, ಒಂದು ಚಮಚೆಯಷ್ಟು ಬಡಿಸುತ್ತೇವೆ. ರಾಮನವಮಿಯ ಬಿಸಿಲಿಗೆ ಅದು ಒಪ್ಪುತ್ತದೆ. ಆಷಾಢದ ಜಡಿಮಳೆಗೆ ಒಪ್ಪುವುದಿಲ್ಲ.

ಆಯುರ್ವೇದದ ದೃಷ್ಟಿಯೂ ಇದೇ ಆಗಿದೆ. ಮೊಳಕೆ ಬಂದ ಧಾನ್ಯಕ್ಕೆ ನಮ್ಮ ಗ್ರಂಥಗಳಲ್ಲಿ ‘ವಿರೂಢಕ’ ಎಂಬ ಹೆಸರಿದೆ. ವಾಗ್ಭಟಾಚಾರ್ಯರ ಅಷ್ಟಾಂಗಹೃದಯವು ಸೂತ್ರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ನಿತ್ಯವೂ ರೂಢಿ ಮಾಡಿಕೊಳ್ಳಬಾರದ ಆಹಾರಗಳ ಪಟ್ಟಿಯಲ್ಲಿ ವಿರೂಢಕವನ್ನು ಸೇರಿಸಿದೆ. ಅದು ತಿನ್ನಲೇಬಾರದ ವಸ್ತುವೆಂದು ಇದರ ಅರ್ಥವಲ್ಲ. ಜೀರ್ಣಕ್ಕೆ ಭಾರವಾದುದರಿಂದ ಪ್ರತಿದಿನದ ಅಭ್ಯಾಸವಾಗಬಾರದೆಂಬುದು ತಾತ್ಪರ್ಯ. ವರ್ಷಾಋತುವಿನಲ್ಲಿ ಜಠರಾಗ್ನಿ ಮಂದವಾಗಿರುತ್ತದೆ, ವಾತವು ಪ್ರಕೋಪಗೊಂಡಿರುತ್ತದೆ. ಆಗ ಬಿಸಿಯಾದ, ಹಗುರವಾದ ಆಹಾರ, ಹಳೆಯ ಧಾನ್ಯ, ಬೇಳೆಕಾಳುಗಳ ಕಟ್ಟು, ಕಾಯಿಸಿದ ನೀರು ಹಿತವೆಂದು ಋತುಚರ್ಯೆ ತಿಳಿಸುತ್ತದೆ. ದ್ವಿದಳ ಧಾನ್ಯಗಳಲ್ಲಿ ಶ್ರೇಷ್ಠವೆಂದು ಚರಕಾಚಾರ್ಯರು ಎತ್ತಿಹಿಡಿದ ಹೆಸರನ್ನೇ ಆರಿಸಿಕೊಂಡು, ಸಣ್ಣ ಮೊಳಕೆ ಬರಿಸಿ, ಶುಂಠಿ, ಕಾಳುಮೆಣಸು, ಜೀರಿಗೆ, ಇಂಗುಗಳೊಡನೆ ಬೇಯಿಸಿದರೆ ಶಾಸ್ತ್ರದ ಎಚ್ಚರಿಕೆಗೂ ಮೊಳಕೆಯ ಗುಣಕ್ಕೂ ಹೊಂದಾಣಿಕೆಯಾಗುತ್ತದೆ.

ಮೊಳಕೆಯಲ್ಲಿ ಗುಣವಿರುವುದು ನಿಜ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿರುವ ‘ಸಿ’ ಜೀವಸತ್ವವು ಮೊಳೆಯುವಾಗ ಉತ್ಪನ್ನವಾಗುತ್ತದೆ. ಕಬ್ಬಿಣ, ಸತು ಮೊದಲಾದ ಖನಿಜಗಳನ್ನು ದೇಹಕ್ಕೆ ಸಿಗದಂತೆ ಹಿಡಿದಿಡುವ ಫೈಟಿಕ್ ಆಮ್ಲವು ಕಡಿಮೆಯಾಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ವಿಜ್ಞಾನಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು, ತಾಜಾ ತರಕಾರಿ ದೊರೆಯದ ಸೈನಿಕರ ಸ್ಕರ್ವಿ ರೋಗಕ್ಕೆ ಮೊಳಕೆಕಾಳು ಪರಿಹಾರವಾಗಬಲ್ಲದೆಂದು ತೋರಿಸಿದರು. ಬೇಯಿಸಿದಾಗ ‘ಸಿ’ ಜೀವಸತ್ವದ ಒಂದು ಪಾಲು ನಷ್ಟವಾಗುತ್ತದೆ. ಆದರೆ ಒಲೆಯಿಂದ ಇಳಿಸಿದ ಮೇಲೆ ಲಿಂಬೆಹಣ್ಣಿನ ರಸ ಹಿಂಡಿದರೆ ಆ ನಷ್ಟವನ್ನು ತುಂಬಿಕೊಳ್ಳಬಹುದು.

ಹಸಿ ಮೊಳಕೆಯ ಅಪಾಯವನ್ನು ಆಧುನಿಕ ವಿಜ್ಞಾನವೂ ಎತ್ತಿ ತೋರಿಸಿದೆ. 2011ರಲ್ಲಿ ಜರ್ಮನಿಯಲ್ಲಿ ಇ-ಕೋಲಿ ಎಂಬ ಕರುಳಿನ ರೋಗಾಣುವಿನ ಒಂದು ಉಗ್ರ ಪ್ರಭೇದವು ಸುಮಾರು 4,000 ಜನರನ್ನು ಕಾಡಿತು. ಐವತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಅನೇಕರ ಮೂತ್ರಪಿಂಡಗಳು ಹಾನಿಗೊಂಡವು. ಅದರ ಮೂಲ ಮೆಂತ್ಯದ ಮೊಳಕೆಯೆಂದು ತನಿಖೆ ತೋರಿಸಿತು. 1996ರಲ್ಲಿ ಜಪಾನಿನ ಸಕಾಯ್ ನಗರದ ಶಾಲಾಮಕ್ಕಳಲ್ಲಿ ಹಬ್ಬಿದ ಇಂತಹುದೇ ಬೇನೆಯಲ್ಲಿ ಮೂಲಂಗಿಯ ಮೊಳಕೆಯ ಮೇಲೆ ಶಂಕೆ ಮೂಡಿತ್ತು. ಕಾರಣ ಸರಳ. ಬೀಜದ ಸಿಪ್ಪೆಯ ಬಿರುಕಿನಲ್ಲಿ ಅಡಗಿದ ರೋಗಾಣು ಬರಿಯ ನೀರಿನ ತೊಳೆತಕ್ಕೆ ಪೂರ್ತಿ ಹೋಗುವುದಿಲ್ಲ. ಕಾಳಿಗೆ ಮೊಳಕೆ ಬರಿಸುವ ಅದೇ ತೇವ, ಅದೇ ಬೆಚ್ಚನೆಯ ಹವೆ ರೋಗಾಣುವನ್ನೂ ಬೆಳೆಸುತ್ತದೆ. ಅಂತಹ ಹವೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಗಲಿರುಳೂ ಇರುತ್ತದೆ. ಅದರ ಮೇಲೆ, ನೆರೆ ಬಂದಾಗ ಬಾವಿಯ ನೀರು ಕಲುಷಿತವಾಗುತ್ತದೆ. ಆದುದರಿಂದ ಕಾಳು ನೆನೆಸುವುದಕ್ಕೂ ತೊಳೆಯುವುದಕ್ಕೂ ಕುದಿಸಿ ಆರಿಸಿದ ನೀರನ್ನೇ ಬಳಸತಕ್ಕದ್ದು.

ಕ್ರಮ ಹೀಗಿರಲಿ. ಒಂದು ಹಿಡಿ ಹೆಸರುಕಾಳನ್ನು ಚೆನ್ನಾಗಿ ತೊಳೆದು ಎಂಟು ತಾಸು ನೆನೆಸಿರಿ. ನೀರನ್ನು ಪೂರ್ತಿ ಬಸಿದು, ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿರಿ. ದಿನಕ್ಕೆ ಎರಡು ಮೂರು ಬಾರಿ ತೊಳೆದು ಬಸಿಯಿರಿ. ಕಾಲಿಂಚಿನಷ್ಟು ಮೊಳಕೆ ಮೂಡಿದರೆ ಸಾಕು, ಉದ್ದವಾಗಲೆಂದು ಕಾಯಬೇಡಿರಿ. ಲೋಳೆಯಾದರೆ ಅಥವಾ ಹುಳಿವಾಸನೆ ಬಂದರೆ ಮರುಕವಿಲ್ಲದೆ ಚೆಲ್ಲಿರಿ. ಉಳಿದುದನ್ನು ಆವಿಯಲ್ಲಿಯಾಗಲಿ ನೀರಿನಲ್ಲಿಯಾಗಲಿ ಮೆತ್ತಗಾಗುವವರೆಗೆ ಬೇಯಿಸಿ, ಒಂದಿಷ್ಟು ತುಪ್ಪದ ಒಗ್ಗರಣೆ ಕೊಡಿರಿ. ವಾರಕ್ಕೆ ಎರಡು ಅಥವಾ ಮೂರು ದಿನ ಇದು ಸಾಕು.

ಎಳೆಸಸಿಯ ವಿಷಯ ಕೊಂಚ ಬೇರೆ. ಇಲ್ಲಿ ಬೀಜವನ್ನಾಗಲಿ ಬೇರನ್ನಾಗಲಿ ತಿನ್ನುವುದಿಲ್ಲ. ಗಾಳಿ ಬೆಳಕಿನಲ್ಲಿ ಬೆಳೆದ ಸಸಿಯನ್ನು ಬುಡದ ಮೇಲಿಂದ ಕತ್ತರಿಸಿಕೊಳ್ಳುತ್ತೇವೆ. ಹಾಗಾಗಿ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ. ಇದಕ್ಕಾಗಿ ಸಾವಿರಾರು ರೂಪಾಯಿ ತೆತ್ತು ಸಿದ್ಧ ಪೆಟ್ಟಿಗೆಗಳನ್ನು ತರಿಸಬೇಕಾಗಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯ, ಸಾಸಿವೆ, ಹೆಸರು ಸಾಕು. ತಳದಲ್ಲಿ ತೂತುಗಳಿರುವ ಅಗಲವಾದ ತಟ್ಟೆಯಲ್ಲಿ ಒಂದಂಗುಲ ದಪ್ಪಕ್ಕೆ ತೊಳೆದ ತೆಂಗಿನ ನಾರಿನ ಪುಡಿಯನ್ನು ಹರಡಿ, ನೆನೆಸಿದ ಬೀಜವನ್ನು ತೆಳುವಾಗಿ ಬಿತ್ತಿ, ಎರಡು ಮೂರು ದಿನ ಮುಚ್ಚಿಡಿರಿ. ಅನಂತರ ಕಿಟಕಿಯ ಬಳಿ ಇಡಿರಿ. ಮೋಡ ಕವಿದ ದಿನಗಳಲ್ಲಿ ಎಲ್‌ಇಡಿ ಟ್ಯೂಬ್‌ಲೈಟಿನ ಬೆಳಕೂ ಆದೀತು. ನೀರನ್ನು ತಳದಿಂದ ಕೊಟ್ಟರೆ ಸಸಿ ಕೊಳೆಯುವುದಿಲ್ಲ. ಏಳರಿಂದ ಹತ್ತು ದಿನಗಳಲ್ಲಿ ಬೀಜದಳಗಳು ಅರಳಿ ನಿಂತಾಗ ಕತ್ತರಿಯಿಂದ ಕೊಯ್ಯಬಹುದು. ಬೇರಿನ ಸುತ್ತ ಬಿಳಿಯ ನವಿರು ಕಂಡರೆ ನೀರು ಚಿಮುಕಿಸಿ ನೋಡಿರಿ. ಮಾಯವಾದರೆ ಅದು ಬೇರುಗೂದಲು. ಜೇಡರಬಲೆಯಂತೆ ಹಾಗೆಯೇ ಉಳಿದರೆ ಬೂಷ್ಟು, ಆ ತಟ್ಟೆಯನ್ನು ಚೆಲ್ಲತಕ್ಕದ್ದು. ಸೆಗಣಿ ಗೊಬ್ಬರವನ್ನಾಗಲಿ ಜೀವಾಮೃತವನ್ನಾಗಲಿ ಇದಕ್ಕೆ ಹಾಕಲೇಕೂಡದು. ಹೊಲಕ್ಕೆ ಅವು ಅಮೃತವೇ ಹೌದು. ವಾರದೊಳಗೆ ಬಾಯಿಗೆ ಹೋಗುವ ಸಸಿಗೆ ಅವು ರೋಗಾಣುಗಳ ವಾಹಕವಾಗುತ್ತವೆ. ಕೊಯ್ದ ಸಸಿಯನ್ನು ತೊಳೆದು, ತಂಬುಳಿಗೆ ಅಥವಾ ಪಲ್ಯಕ್ಕೆ ಬಾಡಿಸಿ ಹಾಕಿಕೊಳ್ಳುವುದು ಉತ್ತಮ.

ಇನ್ನು ಕೆಲವು ನಿಷೇಧಗಳಿವೆ. ಜೋಳದ ಮೊಳಕೆ ಮತ್ತು ಎಳೆಸಸಿಗಳನ್ನು ತಿನ್ನಬಾರದು. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ. ಎಳೆಜೋಳದ ಪೈರು ಮೇಯ್ದು ದನಗಳು ಸಾಯುವುದನ್ನು ಬಯಲುಸೀಮೆಯ ರೈತರು ಬಲ್ಲರು. ಟೊಮೇಟೊ, ಬದನೆ, ಮೆಣಸಿನ ಸಸಿಗಳೂ ವರ್ಜ್ಯ. ರಾಜ್ಮಾ ಹಸಿಯಾಗಿದ್ದಾಗ ವಿಷಕಾರಿ. ಬಿತ್ತನೆಗೆಂದು ಮಾರುವ, ಬಣ್ಣ ಸವರಿದ ಬೀಜಗಳಿಗೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ಅವನ್ನು ಮುಟ್ಟಲೂಬಾರದು. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ಮಧುಮೇಹಿಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಯಾವ ಋತುವಿನಲ್ಲೂ ಹಸಿ ಮೊಳಕೆಯ ಗೊಡವೆಗೆ ಹೋಗಬಾರದು. ಮೂತ್ರಪಿಂಡದ ವಿಕಾರವಿದ್ದವರು ಮತ್ತು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ತಮ್ಮ ವೈದ್ಯರನ್ನು ಕೇಳಿಯೇ ಸೊಪ್ಪಿನ ಪ್ರಮಾಣವನ್ನು ಹೆಚ್ಚಿಸಬೇಕು.

ಒಂದು ಹಿಡಿ ಎಳೆಸಸಿ ಸಕ್ಕರೆ ಕಾಯಿಲೆಯನ್ನು ಓಡಿಸುತ್ತದೆ, ಗಡ್ಡೆಯನ್ನು ಕರಗಿಸುತ್ತದೆ ಎಂಬ ಮಾತುಗಳನ್ನು ನಂಬಿ ಔಷಧ ಬಿಡುವವರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಅದು ಆಹಾರ, ಔಷಧವಲ್ಲ. ಹಿತ್ತಿಲಿನ ಒಂದೆಲಗ, ಬಸಳೆ, ಮಳೆಗೆ ತಾನಾಗಿ ಏಳುವ ಚಗಟೆಸೊಪ್ಪುಗಳಿಗೆ ಅದು ಪೂರಕವೇ ಹೊರತು ಪರ್ಯಾಯವಲ್ಲ.

ಕರಾವಳಿಯ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ನಂತರ ಹೆಸರು, ಅಲಸಂದೆ ಬೆಳೆಯುವ ರೈತರು ಇಂದಿಗೂ ಇದ್ದಾರೆ. ಅವರ ಕಾಳನ್ನು ಬೇಸಿಗೆಯಲ್ಲಿಯೇ ಕೊಂಡು, ಒಣಗಿಸಿ, ಭದ್ರವಾಗಿ ಇಟ್ಟುಕೊಂಡರೆ ಮಳೆಗಾಲದ ನಾಲ್ಕು ತಿಂಗಳಿಗೂ ಮನೆಯ ಹಸಿರಿಗೆ ಕೊರತೆಯಾಗದು. ಬೆಳೆಸುವ ಕೆಲಸವನ್ನು ಮಕ್ಕಳ ಕೈಗೆ ಒಪ್ಪಿಸಿರಿ. ಬೇಯಿಸುವ ಕೆಲಸವನ್ನು ಮಾತ್ರ ಹಿರಿಯರು ಮರೆಯದಿರಿ.