ಬಣ್ಣದ ಕೆಳಗಿನ ಪದರ

ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಉಮರ್ಗಾ ಸೀಮೆಯಲ್ಲಿ ಕಾರು ಓಡಿಸುವವರಿಗೆ ಬಾಗಿಲಿಗೊಂದು ತಗ್ಗು, ಮಡ್‌ಗಾರ್ಡಿಗೊಂದು ಗೀರು ಹೊಸದಲ್ಲ. ತುರೋರಿಯ ಗೃಹಸ್ಥನೊಬ್ಬನು ಖರ್ಚು ಉಳಿಸಲೆಂದು ಅಂಗಳದಲ್ಲಿಯೇ ತಗ್ಗಿಗೆ ಪುಟ್ಟಿ ತುಂಬಿ, ಉಜ್ಜಿ, ಅದರ ಮೇಲೆ ನೇರವಾಗಿ ಬಣ್ಣ ಹೊಡೆದನೆಂದು ಭಾವಿಸಬಹುದು. ಮೊದಲ ವಾರ ಬಾಗಿಲು ಹೊಸದರಂತೆ ಹೊಳೆಯುತ್ತದೆ. ಕ್ರಮೇಣ ಪುಟ್ಟಿಯ ಅಂಚು ನಕಾಶೆಯ ಗಡಿರೇಖೆಯಂತೆ ಮೇಲೆದ್ದು ಕಾಣುತ್ತದೆ. ಮಳೆಗಾಲ ಬಂದರೆ ಗುಳ್ಳೆ, ಕೊನೆಗೆ ತುಕ್ಕು. ದೋಷ ಬಣ್ಣದ್ದಲ್ಲ, ನಡುವೆ ಪ್ರೈಮರ್ ಹಚ್ಚದೆ ಬಿಟ್ಟದ್ದರದು.

ಪುಟ್ಟಿ ಎಂಬುದು ಪಾಲಿಯೆಸ್ಟರ್ ರಾಳದಲ್ಲಿ ಟಾಲ್ಕ್ ಮುಂತಾದ ಪುಡಿ ಬೆರೆಸಿದ ಲೇಪ. ಒಣಗಿದ ಮೇಲೆಯೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಅವು ಬಣ್ಣದ ದ್ರವವನ್ನೂ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತವೆ. ಸುತ್ತಲಿನ ತಗಡು ಹೀರುವುದಿಲ್ಲ. ಆದ್ದರಿಂದ ಒಂದೇ ಬಣ್ಣ ಎರಡು ಕಡೆ ಎರಡು ರೀತಿ ಒಣಗುತ್ತದೆ. ಆ ರಂಧ್ರಗಳನ್ನು ಮುಚ್ಚಿ, ಎರಡೂ ಮೈಗಳನ್ನು ಒಂದಾಗಿಸುವುದೇ ಪ್ರೈಮರಿನ ಕೆಲಸ.

ಕ್ರಮ ಕಠಿಣವಲ್ಲ, ತಾಳ್ಮೆ ಬೇಕು. ಪುಟ್ಟಿಗೆ ಹಾರ್ಡ್‌ನರನ್ನು ಸಾಮಾನ್ಯವಾಗಿ ನೂರಕ್ಕೆ ಎರಡು ಭಾಗದಷ್ಟು ಬೆರೆಸುತ್ತಾರೆ. ಹೆಚ್ಚಾದರೆ ಮೇಲಿನ ಬಣ್ಣದಲ್ಲಿ ಕಲೆ ಮೂಡೀತು. ಗಟ್ಟಿಯಾದ ಪುಟ್ಟಿಯನ್ನು ಮೊದಲು 80, ಬಳಿಕ 180, ಕೊನೆಗೆ 320ನೇ ನಂಬರಿನ ಉಜ್ಜುಕಾಗದದಿಂದ ಒಣಗಿದಂತೆಯೇ ಉಜ್ಜಬೇಕು. ನೀರು ಹಾಕಿ ಉಜ್ಜಿದರೆ ಪುಟ್ಟಿ ಆ ನೀರನ್ನು ಕುಡಿದು, ಮುಂದೆ ತಗಡಿಗೆ ತುಕ್ಕು ಹಿಡಿಸುತ್ತದೆ. ಧೂಳು ಒರೆಸಿದ ಮೇಲೆ ಪುಟ್ಟಿಯ ಅಂಚಿನಿಂದ ಅಂಗೈಯಗಲ ಆಚೆಗೂ ವ್ಯಾಪಿಸುವಂತೆ ಎರಡು ಮೂರು ತೆಳು ಪದರ ಪ್ರೈಮರ್ ಹೊಡೆದು, ಪ್ರತಿ ಪದರದ ನಡುವೆ ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಕಾಯಬೇಕು. ಬೇಸಿಗೆಯ ನಡುಹಗಲಲ್ಲಿ ಥಿನ್ನರ್ ಬೇಗ ಹಾರಿ ಮೈ ಒರಟಾಗುವುದರಿಂದ ಬೆಳಗಿನ ತಂಪು ಹೊತ್ತು ಒಳ್ಳೆಯದು. ಪೂರ್ಣ ಒಣಗಿದ ಪ್ರೈಮರನ್ನು 600ನೇ ನಂಬರಿನ ಕಾಗದದಿಂದ ನಯಗೊಳಿಸುವಾಗ ಎಲ್ಲಿಯಾದರೂ ಪುಟ್ಟಿ ಇಣುಕಿದರೆ, ಅಲ್ಲಿ ಮತ್ತೆ ಪ್ರೈಮರ್ ಹಚ್ಚಲೇಬೇಕು.

ಅಂಗಳದಲ್ಲಿ ಮಕ್ಕಳಿರುವ ಮನೆಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಎರಡು ಡಬ್ಬಿಗಳಲ್ಲಿ ಬರುವ ಯುರೆಥೇನ್ ಪ್ರೈಮರಿನ ಹಾರ್ಡ್‌ನರಿನಲ್ಲಿ ಐಸೋಸಯನೇಟ್ ಇರುತ್ತದೆ. ಸಿಂಪಡಿಸುವಾಗ ಅದನ್ನು ಉಸಿರಾಡಿದವರಿಗೆ ಅಸ್ತಮಾ ಬರಬಹುದು. ಮೂಗಿಗೆ ಕಟ್ಟಿದ ಟವೆಲ್ಲು ಅದನ್ನು ತಡೆಯದು. ಅಂಥ ಪ್ರೈಮರನ್ನು ಸರಿಯಾದ ರಕ್ಷಣೆಯುಳ್ಳ ಗ್ಯಾರೇಜಿಗೆ ಬಿಡುವುದೇ ಲೇಸು. ಪುಟ್ಟಿ ಉಜ್ಜುವ ಧೂಳಿನಿಂದಲೂ ಮಕ್ಕಳನ್ನು ದೂರವಿಡಬೇಕು.

ಕಾರನ್ನು ಮಾರುವ ದಿನ ಇದೇ ಪುಟ್ಟಿ ಕಾನೂನಿನ ಪ್ರಶ್ನೆಯಾಗುತ್ತದೆ. ಪುಟ್ಟಿ ತುಂಬಿ ದುರಸ್ತಿ ಮಾಡುವುದು ತಪ್ಪಲ್ಲ. ಆದರೆ ಭಾರೀ ಅಪಘಾತಕ್ಕೀಡಾದ ವಾಹನವೆಂದು ಬಲ್ಲವನು, ಕೊಳ್ಳುವವನನ್ನು ವಂಚಿಸಲೆಂದೇ ಗುರುತುಗಳನ್ನು ಬಣ್ಣದಡಿ ಮುಚ್ಚಿದರೆ ಅದು ಬೇರೆ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು, ತಿಳಿದ ಸಂಗತಿಯನ್ನು ಮೋಸದ ಉದ್ದೇಶದಿಂದ ಮರೆಮಾಚುವುದನ್ನು ವಂಚನೆಯೆಂದೇ ಕರೆಯುತ್ತದೆ. ಹಾಗೆ ಮೋಸಹೋದವನಿಗೆ ಕರಾರನ್ನು ರದ್ದುಪಡಿಸುವ ಹಕ್ಕನ್ನು 19ನೇ ಕಲಮು ಕೊಡುತ್ತದೆ.

ಕೊಳ್ಳುವವರೂ ಕಣ್ಣು ಮುಚ್ಚಿ ಕೊಳ್ಳಬಾರದು. ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲ ಮೇಲೆ ಮೆಲ್ಲನೆ ಸರಿಸಿದರೆ, ಉಕ್ಕಿನ ತಗಡಿನ ಮೇಲೆ ಪುಟ್ಟಿ ದಪ್ಪಗಿರುವ ಕಡೆ ಅದರ ಹಿಡಿತ ಸಡಿಲವಾಗುತ್ತದೆ. ಮಾರುವವರು ದುರಸ್ತಿಯಾದ ಜಾಗವನ್ನು ಮಾರಾಟದ ಕಾಗದದಲ್ಲಿ ಒಂದು ಸಾಲಿನಲ್ಲಿ ಬರೆದು, ಇಬ್ಬರೂ ರುಜು ಹಾಕಿದರೆ, ಮುಂದೆ ಆ ಬಾಗಿಲಿಗಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವ ಪ್ರಸಂಗ ಬರಲಿಕ್ಕಿಲ್ಲ.