ಹಳೆಯ ಜೀಪಿನ ಬ್ರೇಕೂ ಪರಿಸರದ ಪ್ರಶ್ನೆಯೇ

ಮೂಡಿಗೆರೆ, ಕಳಸ, ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ ಹಳೆಯ ಜೀಪು ಇನ್ನೂ ದುಡಿಯುತ್ತಿದೆ. ಗೊಬ್ಬರ, ಕಾಫಿ ಮೂಟೆ, ಕಾರ್ಮಿಕರು, ರೋಗಿಗಳು, ಎಲ್ಲರ ಭಾರವನ್ನೂ ಅದು ಹೊರುತ್ತದೆ. ಹೊಗೆಯ ಆಕ್ಷೇಪ ಇದ್ದದ್ದೇ; ಆದರೂ ಇರುವುದನ್ನು ಗುಜರಿಗೆ ಹಾಕದೆ ದುರಸ್ತಿ ಮಾಡಿ ಬಳಸುವುದರಲ್ಲಿ ಒಂದು ವಿವೇಕವಿದೆ. ಹೊಸ ವಾಹನದ ಕಬ್ಬಿಣ ಯಾವುದೋ ಗುಡ್ಡವನ್ನು ಅಗೆದೇ ಬರಬೇಕು. 2005ರ ಕೊನೆಯವರೆಗೂ ಕುದುರೆಮುಖದ ಗಣಿಗಾರಿಕೆಯನ್ನು ಕಂಡ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ದುರಸ್ತಿ ದುರಸ್ತಿಯಂತಿರಬೇಕು. ಚಾರ್ಮಾಡಿಯಂಥ ಘಾಟಿಯಲ್ಲಿ ಬ್ರೇಕನ್ನು ಒತ್ತಿಯೇ ಇಳಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಸಡಿಲುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವಂಥದು. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಕಡಿಮೆ ಬಿಸಿಗೇ ಕುದಿದು ಆವಿಯಾಗುತ್ತದೆ, ಪೆಡಲು ನೆಲಕ್ಕಿಳಿಯುತ್ತದೆ. ಹಳೆಯ ಜೀಪುಗಳಲ್ಲಿ ಹಲವಕ್ಕೆ ಇರುವುದು ಒಂದೇ ಕೊಳವೆಯ ವ್ಯವಸ್ಥೆ: ಒಂದು ವೀಲ್ ಸಿಲಿಂಡರ್ ಸೋರಿದರೆ ನಾಲ್ಕು ಚಕ್ರಗಳ ಬ್ರೇಕೂ ಹೋದಂತೆ. ಎಣ್ಣೆ ಕುಡಿದ ಲೈನಿಂಗನ್ನು ಉಜ್ಜಿ, ಸುಟ್ಟು ಮತ್ತೆ ಕೂರಿಸುವುದು, ಒಂದೇ ಬದಿಯ ಶೂ ಬದಲಿಸುವುದು, ಮಿತಿ ಮೀರಿ ಸವೆದ ಡ್ರಮ್ಮನ್ನು ಮತ್ತೆ ಲೇತಿಗೆ ಕೊಡುವುದು ಉಳಿತಾಯವಲ್ಲ; ಹಿಂದೆ ಕುಳಿತವರ ಜೀವದ ಮೇಲಿನ ಜೂಜು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಡ್ರಮ್ಮು ಬಿಚ್ಚಿ ಒಳಗಿನ ಧೂಳನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದಿದಾಗ ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶ ಸೇರುತ್ತವೆ. ರೋಗ ತಲೆಯೆತ್ತುವುದು ದಶಕಗಳ ನಂತರ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್‌ಕಾರಕವೆಂದು ಸಾರಿದೆ. ಕಲ್ನಾರು ಕಾರ್ಮಿಕರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ, ದುಡಿಯುವವನ ಆರೋಗ್ಯವೂ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಆ ಮಾತು ರಸ್ತೆಬದಿಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ ಹುಡುಗನಿಗೂ ಸಲ್ಲಬೇಕು. ದಾರಿ ಕಷ್ಟದ್ದೇನಲ್ಲ: ಧೂಳನ್ನು ಊದದೆ ನೀರು ಚಿಮುಕಿಸಿ ತೇವ ಮಾಡಿ ಒರೆಸಬೇಕು, ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಬಿಗಿದು ಬೇರೆಯಿಡಬೇಕು, ಕಲ್ನಾರಿಲ್ಲದ ಲೈನಿಂಗನ್ನೇ ಕೇಳಿ ಕೊಳ್ಳಬೇಕು.

ಬಸಿದ ಬ್ರೇಕ್ ಆಯಿಲು, ಭಾಗಗಳನ್ನು ತೊಳೆದ ಡೀಸೆಲ್ಲು ಎಲ್ಲಿಗೆ ಹೋಗುತ್ತವೆ? ಚರಂಡಿಗೆ ಚೆಲ್ಲಿದ್ದು ಮೊದಲ ಮಳೆಗೆ ಹಳ್ಳ ಸೇರುತ್ತದೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲೇ; ಭದ್ರೆ ಹರಿಯುವುದು ಕಳಸದ ಮಗ್ಗುಲಲ್ಲೇ. ತಲೆಯಲ್ಲಿ ಕೆಡಿಸಿದ ನೀರನ್ನು ಕೆಳಗಿನ ಊರುಗಳು ಕುಡಿಯಬೇಕಾಗುತ್ತದೆ.

ಆದ್ದರಿಂದ ಮುಂಗಾರಿಗೆ ಮುನ್ನ ಆಗಬೇಕಾದ ಕೆಲಸಗಳಿವೆ. ತೋಟದ ಮಾಲೀಕರು ನಾಲ್ಕೂ ಚಕ್ರ ಬಿಚ್ಚಿಸಿ ನೋಡಲಿ. ಮೆಕ್ಯಾನಿಕ್ ಕೇಳುವ ನ್ಯಾಯವಾದ ಕೂಲಿಗೆ ಚೌಕಾಸಿ ಬೇಡ. ಪ್ರತಿ ಗ್ಯಾರೇಜಿನಲ್ಲೂ ಹಳೆಯ ಎಣ್ಣೆಗೆ ಮುಚ್ಚಳವಿರುವ ಡಬ್ಬಿಯಿರಲಿ. ಅದನ್ನು ಸಂಗ್ರಹಿಸಿ ಸರಿಯಾದ ವಿಲೇವಾರಿಗೆ ಕಳುಹಿಸುವ ಏರ್ಪಾಡನ್ನು ಪಂಚಾಯಿತಿಗಳು ಮಾಡಲಿ. ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಇಡುವ ಹೊಣೆ ಓದುಗರದು.