ಅಚ್ಚುಕಟ್ಟು ಅಂತ ಹೊಗಳೋದು ಇನ್ನ ಸಾಕ್ರೆವ್ವಾ

ಈ ಸಲ ಸಂಕ್ರಮಣಕ್ಕ ನಾ ಕುಸುರೆಳ್ಳು ಅಂಗಡಿಯಿಂದ ತಂದೆ. ಓಣ್ಯಾಗ ಅದು ಸುದ್ದಿ ಆತು ಅಂತ ನಂಗ ಗೊತ್ತದ. ದೊಡ್ಡ ಮಾವಶಿ ಫೋನ್ ಮಾಡಿ, "ಯಾಕವಾ, ಆರಾಮ ಇಲ್ಲೇನು?" ಅಂದ್ರು. ಆರಾಮ ಆಗೇದ ಮಾವಶಿ, ಅದಕ್ಕಂತನ ಅಂಗಡೀವು ತಂದೆ. ಹಿಂದಿನಿಂದ ನೀವು ಆಡಿಕೊಳ್ಳೋಕಿಂತ ನಾನ ಹೇಳಿಬಿಡ್ತೇನಿ. ಹೌದು, ನಾ ಥೆರಪಿಗೆ ಹೋಗಿದ್ದೆ. ಅಚ್ಚುಕಟ್ಟುತನದ ಸಲವಾಗಿ ಹೋಗಿದ್ದೆ.

ನಗಬ್ಯಾಡ್ರಿ. ನಮ್ಮ ಕಡೆ ಯಾರರ ಸ್ವಲ್ಪ ತಿಕ್ಕಲ ಮಾತಾಡಿದ್ರ ಸಾಕು, "ಧಾರವಾಡಕ್ಕ ಕಳಸಬೇಕು" ಅಂತ ಚಾಷ್ಟಿ ಮಾಡ್ತೀವಿ. ಆ ಚಾಷ್ಟಿಗೆ ಹೆದರೇ ನಾ ಎರಡು ವರ್ಷ ತಡಾ ಮಾಡಿದೆ.

ಕುಸುರೆಳ್ಳು ಮಾಡಿದವರಿಗೆ ಅದರ ಕಷ್ಟ ಗೊತ್ತು. ಸಣ್ಣ ಉರಿ ಮ್ಯಾಲೆ ಪರಾತ, ಅದರಾಗ ಎಳ್ಳು, ಚಮಚದಿಂದ ಹನಿ ಹನಿ ಸಕ್ರಿ ಪಾಕ, ಬೆರಳಿಂದ ತಿರುಗಿಸ್ತನ ಇರಬೇಕು. ಪಾಕ ಹೆಚ್ಚಾದ್ರ ಗಂಟು, ಉರಿ ಹೆಚ್ಚಾದ್ರ ಕೆಂಪು. ಬೆಳ್ಳಗ ಮುಳ್ಳು ಮುಳ್ಳಾಗಿ ಬಂದ್ರ ಅದು ಛಲೋ ಕೈ. ಒಂದು ವರ್ಷ ರಾತ್ರಿ ಎರಡೂವರಿ ತನಕಾ ಕೂತು ಮಾಡಿದ್ದನ್ನ, ಮುಳ್ಳು ಮೊಂಡ ಆಗ್ಯಾವ ಅಂತ ಬಿಸಿನೀರಾಗ ಹಾಕಿ ಕರಗಿಸಿ ಮೋರಿಗೆ ಚೆಲ್ಲಿದೆ. ಮರುದಿನ ತಲಿಶೂಲಿ ಅಂತ ಸುಳ್ಳು ಹೇಳಿ ಯಾರ ಮನಿಗೂ ಬರಲಿಲ್ಲ. ನೀವೆಲ್ಲಾ "ಪಾಪ, ಭಾಳ ದಣದಾಳ" ಅಂದ್ರಿ.

ಅಚ್ಚುಕಟ್ಟು ಅಂದ್ರ ಭಾಳ ಕೆಲಸ ಮಾಡೋದು ಅಂತ ತಿಳಕೊಂಡೀರಿ. ಖರೇ ಹೇಳಬೇಕಂದ್ರ ಕೆಲಸ ನಿಂತ ಹೋಗ್ತದ. ಮನಿ ಸರಿ ಇಲ್ಲ ಅಂತ ಎರಡು ವರ್ಷ ಯಾರನ್ನೂ ಊಟಕ್ಕ ಕರೀಲಿಲ್ಲ. ಹೊಲಿಗಿ ಮಷಿನ್ ಮ್ಯಾಲೆ ಬಟ್ಟಿ ಹೊದಿಸಿಟ್ಟೆ. ಬಿ.ಎಡ್. ಅರ್ಜಿ ಎರಡು ಸಲ ತಂದು, "ಪೂರಾ ತಯಾರಿ ಆದಮ್ಯಾಲೆ ತುಂಬೋಣ" ಅಂತ ಕೊನೇ ತಾರೀಖು ದಾಟಿಸಿದೆ. ಅದನ್ನ ಯಾರೂ ಅಚ್ಚುಕಟ್ಟು ಅನ್ನಲಿಲ್ಲ, ಆಲಸಿ ಅಂದ್ರು.

ಕಡೀಕ ಹೋಗಿದ್ದು ಮಗಳ ಸಲವಾಗಿ. ಆರನೇ ಕ್ಲಾಸಿನ ಹುಡಿಗಿ ಇಪ್ಪತ್ತಕ್ಕ ಹತ್ತೊಂಬತ್ತು ಬಂದ ಪೇಪರನ್ನ ಹಾಸಿಗಿ ಕೆಳಗ ಮುಚ್ಚಿಟ್ಟಿದ್ಲು. ಯಾಕ ಅಂತ ಕೇಳಿದ್ರ, "ಒಂದು ಎಲ್ಲಿ ಹೋತು ಅಂತ ನೀ ಕೇಳ್ತಿ" ಅಂದ್ಲು. ಹೌದು, ಅದು ನನ್ನ ಮಾತನ. ನನಗ ನಮ್ಮವ್ವ ಕೇಳತಿದ್ಲು.

ಅಲ್ಲಿ ಮೇಡಮ್ಮು ಗುಳಿಗಿ ಕೊಡಲಿಲ್ಲ, ಉಪದೇಶನೂ ಮಾಡಲಿಲ್ಲ. ಒಂದು ವಹಿ ಇಡಸಿದ್ರು. 2002ರಾಗ ರೋಝ್ ಶಾಫ್ರನ್, ಝಾಫ್ರಾ ಕೂಪರ್, ಕ್ರಿಸ್ಟೋಫರ್ ಫೇರ್‌ಬರ್ನ್ ಅನ್ನೋ ಇಂಗ್ಲೆಂಡಿನ ಮೂವರು ಇದರ ಮ್ಯಾಲೆ ಬರದಾರಂತ: ತನ್ನ ಇಡೀ ಬೆಲಿಯನ್ನ ಒಂದೆರಡು ಕೆಲಸ ಎಷ್ಟು ಛಲೋ ಆತು ಅನ್ನೋದರ ಮ್ಯಾಲೇನ ಅಳಿಯೋದು, ಮೈಗೆ ಮನಸ್ಸಿಗೆ ತ್ರಾಸ ಆದ್ರೂ ಬಿಡದ ಇರೋದು. ಗುರಿ ಮುಟ್ಟಿದ್ರ "ಇದು ಸಸಾರ ಇತ್ತು ಬಿಡು" ಅಂತ ಗುರೀನ ಮ್ಯಾಲೆ ಏರಸ್ತೀವಿ. ಇದನ್ನ ಕೇಳಿ ನಾ ಅಲ್ಲೇ ಅತ್ತೆ.

ಆಮ್ಯಾಲೆ ಪರೀಕ್ಷಾ. ಶ್ರಾವಣ ಶುಕ್ರವಾರಕ್ಕ ಹರದ ಹೋಳಿಗಿ ಬೇಕಂತನ ಬಡಸಬೇಕು. ಮೊದಲ ವಹ್ಯಾಗ ಬರೀಬೇಕು, ಏನಾಗ್ತದ ಅಂತ ನನ್ನ ಅಂದಾಜು. "ನಾಲ್ಕೂ ಮಂದಿ ಅಂತಾರ, ನನಗ ನಿದ್ದಿ ಬರೂದಿಲ್ಲ, ನೂರಕ್ಕ ತೊಂಬತ್ತು" ಅಂತ ಬರದೆ. ಮೂರು ಮಂದಿ ನೋಡಲೇ ಇಲ್ಲ. ವೈನಿ ಮಾತ್ರ, "ಹೂರಣ ಹೊರಗ ಇಣಕಲಿಕ್ಕತ್ತದಲ್ಲಾ" ಅಂದ್ರು. ಹೊಟ್ಯಾಗ ಕಲ್ಲು ಬಿದ್ದಂಗಾತು. ಅದಾಗಿ ಎರಡು ಮಿನಿಟಿಗೆ ಅದ ವೈನಿ, "ಇನ್ನೊಂದು ಹಾಕು, ತುಪ್ಪ ಜಾಸ್ತಿ" ಅಂದ್ರು! ಆ ರಾತ್ರಿ ನಿದ್ದಿ ಬಂತು. ಯಾರೂ ಏನೂ ಅನ್ನೂದಿಲ್ಲ ಅಂತ ಥೆರಪಿ ಸುಳ್ಳು ಸಮಾಧಾನ ಹೇಳೂದಿಲ್ಲ. ಅಂದ್ರೂ ನಡೀತದ ಅಂತ ಕೈಯಾರೆ ಮಾಡಿ ತೋರಸ್ತದ.

ಈಗ ನನ್ನ ಸಿಟ್ಟಿಗೆ ಬರ್ತೇನಿ. ಹ್ಯೂವಿಟ್, ಫ್ಲೆಟ್ ಅನ್ನೋ ಇಬ್ಬರು 1991ರಾಗ ಇದನ್ನ ಮೂರು ಥರಾ ಮಾಡಿ ತೋರಿಸ್ಯಾರ. ತನ್ನಿಂದ ತಾನು ಬಯಸೋದು ಒಂದು, ಮಂದಿಯಿಂದ ಬಯಸೋದು ಒಂದು, ಮಂದಿ ನನ್ನಿಂದ ಬಯಸ್ತಾರ ಅಂತ ಹೆದರೋದು ಇನ್ನೊಂದು. ಆ ಕಡೀದು ನಮ್ಮ ಅರಿಷಿಣ-ಕುಂಕುಮದಾಗ, ನಮ್ಮ ಪಂಕ್ತ್ಯಾಗ ಹುಟ್ಟಿದ್ದು. ಕನ್ಯಾ ನೋಡ್ಲಿಕ್ಕೆ ಹೋದಾಗ "ಭಾಳ ಅಚ್ಚುಕಟ್ಟು ಹುಡಿಗಿ" ಅಂತೀವಿ. ಗಂಡಸರಿಗೆ ಅಂತೀವೇನು? ಅವರು ಒಂದು ಕಪ್ ಚಾ ಮಾಡಿದ್ರ ಮುಗೀತು, ಗ್ಯಾಸ್ ಕಟ್ಟಿ ಮ್ಯಾಲೆ ಚೆಲ್ಲಿದ್ದನ್ನ ಯಾರೂ ಎಣಸೂದಿಲ್ಲ. ಬ್ಯಾನಿ ಇಡೀ ಓಣಿ ಹಂಚತದ, ಔಷಧಕ್ಕ ಮಾತ್ರ ನಾ ಒಬ್ಬಾಕಿ ಹೋಗಬೇಕು.

"ನಮ್ಮ ಕಾಲಕ್ಕ ಇದೆಲ್ಲಾ ಇತ್ತೇನು?" ಅಂತೀರಿ. ನಿಮ್ಮ ಕಾಲಕ್ಕ ಮನ್ಯಾಗ ಥೈರಾಯ್ಡ್ ಗುಳಿಗೀನೂ ಇದ್ದಿಲ್ಲ, ಈಗ ಎದ್ದ ಕೂಡ್ಲೆ ತಗೋತೀರಿ. ರೊಕ್ಕದ ಮಾತು ಖರೇ, ಒಂದೊಂದ ಸಲದ ಫೀ ನಂಗೂ ಚುಚ್ಚತಿತ್ತು. ಅದು ಆಗದವರಿಗೆ ಸರಕಾರದ ಟೆಲಿ ಮಾನಸ್ ಅದ, 14416. ಪುಕ್ಕಟೆ, ಕನ್ನಡದಾಗನ ಮಾತಾಡ್ತಾರ. ಹೊಲಸು ಮನಿ ಇಡ್ರಿ ಅಂತ ನಾ ಹೇಳಿಲ್ಲ, ಹಂಗ ಅಂತ ಸುದ್ದಿ ಹಬ್ಬಿಸಬ್ಯಾಡ್ರಿ. ನಾ ಇನ್ನೂ ಬಟ್ಟಿ ಬಿಗಿ ಘಡೀನ ಮಾಡ್ತೇನಿ. ಘಡಿ ಸೊಟ್ಟಾದ್ರ ಅಳೂದಿಲ್ಲ, ಅಷ್ಟ.

ಪಂಚಮಿಗೆ ಉಂಡಿ ನಾವ ಕಟ್ಟವರು, ನಾನೂ ಮಗಳೂ. ಎಲ್ಲಾ ಒಂದ ಅಳತೀವು ಇರೂದಿಲ್ಲ. ಎಲ್ಲಾರೂ ಬರ್ರಿ, ಕೂತು ತಿನ್ನರಿ. ಅಕಿ ಕಟ್ಟಿದ ಉಂಡಿ ಕೈಯಾಗ ಹಿಡದು ತಿರುಗಿಸಿ ತಿರುಗಿಸಿ ಮಾತ್ರ ನೋಡಬ್ಯಾಡ್ರಿ.